ಭಾವ ದುಡ್ಡು ಕಳ್ಕೊಂಡಿದ್ದು ಹಿಡಿತ ಇಲ್ಲದೇನಾ?

ಹೊಳೆದಂಡೆ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದ್ರೆ ಕೊನೇ ಪ್ಯಾರಾ ಮಾತ್ರ ಓದಿ.

ನಮ್ಮ ಅಕ್ಕನ ಗಂಡ ಟೆಲಿಗ್ರಾಂ ಟಾಸ್ಕ್ ಮೋಸದಲ್ಲಿ ₹4.6 ಲಕ್ಷ ಕಳ್ಕೊಂಡಿದ್ದಾರೆ. ಹೇಗೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತೆ. ವಾಟ್ಸಾಪಿಗೆ "ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ" ಅಂತ ಮೆಸೇಜು. ಮ್ಯಾಪಿನಲ್ಲಿ ಯಾವುದೋ ಹೋಟೆಲಿಗೆ ಐದು ಸ್ಟಾರ್ ಒತ್ತಿದ್ರೆ ₹50. ಮೂರು ಹೋಟೆಲಿಗೆ ಒತ್ತಿದ್ರು, ₹150 ನಿಜವಾಗ್ಲೂ ಅಕೌಂಟಿಗೆ ಬಂತು. ಆಮೇಲೆ ಟೆಲಿಗ್ರಾಂ ಗುಂಪು, "ಪ್ರೀಪೇಯ್ಡ್ ಟಾಸ್ಕ್". ₹1,000 ಹಾಕಿದ್ರೆ ₹1,300 ವಾಪಸ್. ಅದೂ ಬಂತು. ಅಲ್ಲಿಂದ ಮುಂದೆ ಬಂದಿದ್ದೆಲ್ಲ ಪರದೆ ಮೇಲಿನ ಅಂಕಿ ಅಷ್ಟೇ. ತೆಗೀಬೇಕಾದ್ರೆ ಇನ್ನಷ್ಟು ಹಾಕಿ, ಟ್ಯಾಕ್ಸ್ ಕಟ್ಟಿ, ನಿಮ್ಮ ಸ್ಕೋರ್ 80ಕ್ಕೆ ಇಳಿದಿದೆ 100 ಮಾಡಿಸ್ಕೊಳ್ಳಿ... ಹೀಗೇ ಒಂಬತ್ತು ದಿನ. ಕೊನೇ ಸಲ ಹಾಕಿದ್ದು ಮೊನ್ನೆ ಬುಧವಾರ.

ಮನೆಯಲ್ಲಿ ಈಗ ಒಂದೇ ಮಾತು: "ಅವನಿಗೆ ಹಿಡಿತ ಇಲ್ಲ." ಮದುವೆಗೆ ಮುಂಚೆ ಇಸ್ಪೀಟ್ ಆಡ್ತಿದ್ದ ಅನ್ನೋದನ್ನೂ ಅಪ್ಪ ಎಳೆದು ತಂದ್ರು. ಭಾವ ಊಟಕ್ಕೆ ಕೂತ್ರೆ ತಟ್ಟೆ ಬಿಟ್ಟು ಬೇರೆ ಕಡೆ ಕಣ್ಣೇ ಎತ್ತಲ್ಲ.

ಆದ್ರೆ ಹೋದ ಶ್ರಾವಣದಲ್ಲಿ ನನಗೂ ಮದುವೆ ಕರೆಯೋಲೆ ಅಂತ ಒಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಬಂದು, ಅದನ್ನ ತೆರೆದು, ₹38,000 ಹೋಗಿತ್ತು. ನಾನು ಮನೆಗೆಲ್ಲ ಜುಗ್ಗಿ ಅಂತ ಹೆಸರಾದವಳು. ಒಂದು ಸೀರೆಗೆ ಮೂರು ಸಲ ಅಂಗಡಿ ಹತ್ತಿ ಇಳಿಯೋಳು. ಆಗ ನನಗೆ ಯಾರೂ ಹಿಡಿತ ಇಲ್ಲ ಅನ್ನಲಿಲ್ಲ. "ಪಾಪ, ಮೋಸ ಹೋದ್ಲು" ಅಂದ್ರು.

ನನ್ನ ಪ್ರಶ್ನೆ ಇಷ್ಟು. ಸಂಯಮ ಕಡಿಮೆ ಇರೋರೇ ಸೈಬರ್ ಮೋಸಕ್ಕೆ ಸಿಕ್ಕಿಬೀಳ್ತಾರೆ ಅನ್ನೋದು ನಿಜವಾ? ಯಾರಾದ್ರೂ ಸರಿಯಾಗಿ ನೋಡಿದ್ದಾರಾ, ಅಥವಾ ಇದೂ ಊರ ಪಂಚಾಯ್ತಿ ಕಟ್ಟೆ ಮಾತೇನಾ?


ತಿಂಡಿಪೋತ_ಮೈಸೂರು | ಭಾನುವಾರ ರಾತ್ರಿ 9:58

ಸಂಶೋಧನೆ ಯಾಕೆ ಬೇಕು? ಸ್ಟಾರ್ ಒತ್ತೋಕೆ ಯಾರಾದ್ರೂ ದಿನಕ್ಕೆ ಎರಡು ಸಾವಿರ ಕೊಡ್ತಾರಾ? ನಮ್ಮಪ್ಪ ಪ್ರೆಸ್ಸಲ್ಲಿ ನಿಂತು ಕೆಲಸ ಮಾಡಿ ತಿಂಗಳಿಗೆ ಅಷ್ಟು ತರ್ತಿದ್ರು. ದುರಾಸೆ ಅನ್ನೋದನ್ನ ದುರಾಸೆ ಅಂತಲೇ ಕರೀಬೇಕು. ಬೇಜಾರ್ ಮಾಡ್ಕೋಬೇಡಿ ಮೇಡಂ, ನಿಮ್ಮ ಭಾವನಿಗಂತ ಅಲ್ಲ, ಎಲ್ಲರಿಗೂ ಹೇಳ್ತಿರೋದು.


ಕಡಲಾಚೆ | ಭಾನುವಾರ ರಾತ್ರಿ 11:15

ಸಂಶೋಧನೆ ಇದೆ, ಸಾಕಷ್ಟಿದೆ. ನಾನು ಇಲ್ಲಿ ಅಪರಾಧಶಾಸ್ತ್ರ ಓದ್ತಿದೀನಿ, ಮುಂದಿನ ವಾರ ಪರೀಕ್ಷೆ. ಓದಿದ್ದನ್ನ ಒಪ್ಪಿಸಿದ ಹಾಗೂ ಆಗುತ್ತೆ, ಬರೀತೀನಿ.

1990ರಲ್ಲಿ ಗಾಟ್‌ಫ್ರೆಡ್ಸನ್ ಮತ್ತು ಹಿರ್ಶಿ ಅನ್ನೋ ಇಬ್ಬರು ಅಮೆರಿಕದಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಅಪರಾಧ ಯಾವುದೇ ಇರಲಿ, ಅದರ ಬೇರಲ್ಲಿ ಸ್ವನಿಯಂತ್ರಣದ ಕೊರತೆ ಇರುತ್ತೆ ಅಂತ. ನಾಳೆಯದನ್ನ ಬಿಟ್ಟು ಈಗ ಕೈಗೆ ಸಿಗೋದಕ್ಕೆ ಹಾರೋದು, ಕಷ್ಟ ಇಲ್ಲದ ದಾರಿ ಹುಡುಕೋದು, ಅಪಾಯ ಅಂದ್ರೆ ಹುರುಪು, ಮೂಗಿನ ತುದೀಲಿ ಸಿಟ್ಟು. ಇದೆಲ್ಲ ಚಿಕ್ಕಂದಿನಲ್ಲಿ ಮನೆಯವರು ಬೆಳೆಸೋ ರೀತಿಯಿಂದ ಕೂಡಿ ಬರುತ್ತೆ ಅನ್ನೋದು ಅವರ ವಾದ. ಗಮನಿಸಿ, ಅವರು ಹೇಳಿದ್ದು ಅಪರಾಧ ಮಾಡೋರ ಬಗ್ಗೆ. 1999ರಲ್ಲಿ ಶ್ರೆಕ್ ಅನ್ನೋ ಸಂಶೋಧಕರು ಅದೇ ಬಟ್ಟೆಯನ್ನ ಒಳಮೈ ಹೊರಗೆ ಮಾಡಿ ತೋರಿಸಿದ್ರು: ಇದೇ ಗುಣಗಳು ಮನುಷ್ಯನನ್ನ ಬಲಿಪಶುವೂ ಮಾಡಬಹುದಲ್ಲ? ಮುಂದಾಲೋಚನೆ ಇಲ್ಲದವನು ಬಾಗಿಲಿಗೆ ಬೀಗ ಹಾಕಲ್ಲ. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡ್ತಾನೆ, ಫೋನ್ ಅಪ್‌ಡೇಟ್ ಕೇಳಿದಾಗೆಲ್ಲ "ಆಮೇಲೆ" ಒತ್ತುತ್ತಾನೆ.

ನಿಮ್ಮ ಪ್ರಶ್ನೆಗೆ ನೇರವಾಗಿ ತಾಗೋದು ಇನ್ನೆರಡು ಅಧ್ಯಯನ. 2008ರಲ್ಲಿ ಹೋಲ್ಟ್‌ಫ್ರೆಟರ್ ಮತ್ತು ಜೊತೆಗಾರರು ಫ್ಲೋರಿಡಾದ ಜನರನ್ನ ವಿಚಾರಿಸಿ ಎರಡು ವಿಷಯ ಬೇರ್ಪಡಿಸಿದ್ರು. ಮೋಸಗಾರ ನಿಮ್ಮ ಬಾಗಿಲು ತಟ್ಟೋದು ಒಂದು, ನೀವು ಬಾಗಿಲು ತೆಗೆಯೋದು ಇನ್ನೊಂದು. ಬಾಗಿಲು ತಟ್ಟೋದು ನೀವು ದೂರದಿಂದ ಎಷ್ಟು ವ್ಯವಹಾರ ಮಾಡ್ತೀರಿ, ಫೋನು, ಅಂಚೆ, ಇಂಟರ್ನೆಟ್ಟಲ್ಲಿ ಎಷ್ಟು ಕೊಳ್ತೀರಿ ಅನ್ನೋದರ ಮೇಲೆ ನಿಂತಿತ್ತು. ಬಾಗಿಲು ತೆಗೆಯೋದರಲ್ಲಿ ಅದರ ಜೊತೆ ಸ್ವನಿಯಂತ್ರಣದ ಪಾಲೂ ಕಾಣಿಸ್ತು.

2010ರಲ್ಲಿ ಬಾಸ್ಲರ್ ಮತ್ತು ಹೋಲ್ಟ್ ಕಾಲೇಜು ವಿದ್ಯಾರ್ಥಿಗಳನ್ನ ಕೇಳಿದ್ರು. ಯಾರೋ ನಿಮ್ಮ ಪಾಸ್‌ವರ್ಡ್ ಎಗರಿಸಿದ್ದು, ನಿಮ್ಮ ಮಾಹಿತಿ ತಿದ್ದಿದ್ದು, ಆನ್‌ಲೈನಲ್ಲಿ ಕಾಟ ಕೊಟ್ಟಿದ್ದು, ಅಂದ್ರೆ ನಿಮ್ಮನ್ನೇ ಗುರಿ ಮಾಡಿದ ಅಪರಾಧಗಳಲ್ಲಿ ಸಂಯಮ ಕಡಿಮೆ ಇರೋರು ಹೆಚ್ಚು ಸಿಕ್ಕಿದ್ದರು. ವೈರಸ್ಸಿಂದ ಫೈಲ್ ಹೋಗಿದ್ದು, ಕ್ರೆಡಿಟ್ ಕಾರ್ಡ್ ವಿವರ ಕದ್ದಿದ್ದು, ಇಂಥದರಲ್ಲಿ ಆ ಸಂಬಂಧ ಕಾಣಲಿಲ್ಲ. ಬಲೆ ಊರಿಗೆಲ್ಲ ಬೀಸಿದ್ದಾಗ ಮೀನಿನ ಗುಣ ಲೆಕ್ಕಕ್ಕೆ ಬರಲ್ಲ. ಅಲ್ಲದೆ ಸಂಬಂಧ ಕಂಡ ಕಡೆಯೂ ಅದು ಸಣ್ಣದೇ. ಸ್ನೇಹಿತರು ಎಂಥವರು ಅನ್ನೋದನ್ನ ಲೆಕ್ಕಕ್ಕೆ ಸೇರಿಸಿದ ಕೂಡಲೇ ಇನ್ನೂ ಸಣ್ಣದಾಯ್ತು.

ಕೊನೇದಾಗಿ 2014ರಲ್ಲಿ ಪ್ರ್ಯಾಟ್ ಮತ್ತು ಸಂಗಡಿಗರು ಇಂಥ 66 ಅಧ್ಯಯನ ಒಟ್ಟು ಹಾಕಿ ತೂಗಿದ್ರು. ಸ್ವನಿಯಂತ್ರಣಕ್ಕೂ ಬಲಿಯಾಗೋದಕ್ಕೂ ನಂಟು ಇದೆ, ದೊಡ್ಡದಲ್ಲ, ಆದ್ರೆ ಎಲ್ಲ ಕಡೆ ಕಾಣುತ್ತೆ. ಮೈಮುಟ್ಟಿ ಮಾಡೋ ಅಪರಾಧಕ್ಕಿಂತ ಆನ್‌ಲೈನ್ ಥರದ, ಎದುರಿಗೆ ಬರದೆ ಮಾಡೋ ಅಪರಾಧದಲ್ಲಿ ಆ ನಂಟು ಹೆಚ್ಚು ಗಟ್ಟಿ. ಹಾಗಾಗಿ ತಿಂಡಿಪೋತ ಅವರು ಪೂರ್ತಿ ತಪ್ಪಲ್ಲ. ಪೂರ್ತಿ ಸರಿಯೂ ಅಲ್ಲ.


ಲೆಕ್ಕದ_ಮೇಷ್ಟ್ರು | ಸೋಮವಾರ ಬೆಳಿಗ್ಗೆ 6:20

ಕಡಲಾಚೆ ಚೆನ್ನಾಗಿ ಬರೆದಿದ್ದೀರಿ, ಪರೀಕ್ಷೆ ಪಾಸಾಗ್ತೀರಿ. ನನ್ನದೊಂದು ಕೊಕ್ಕೆ.

ಇಂಥ ಬಹಳಷ್ಟು ಸಮೀಕ್ಷೆ ನಡೆಯೋದು ಹೇಗೆ? ಒಂದೇ ದಿನ ಒಂದೇ ಕಾಗದದಲ್ಲಿ "ನೀವು ದುಡುಕ್ತೀರಾ?" ಅಂತಲೂ ಕೇಳ್ತಾರೆ, "ನೀವು ಮೋಸ ಹೋಗಿದ್ದೀರಾ?" ಅಂತಲೂ ಕೇಳ್ತಾರೆ. ಈಗ ಇವರ ಭಾವನಿಗೆ ಈ ವಾರ ಆ ಕಾಗದ ಕೊಡಿ. ದುಡುಕ್ತೀನಿ ಅನ್ನೋದಕ್ಕೆ ಹತ್ತಕ್ಕೆ ಹತ್ತು ಹಾಕ್ತಾರೆ. ಮನೆಯವರೆಲ್ಲ ಸೇರಿ ಐದು ದಿನದಿಂದ ಅದನ್ನೇ ಪಾಠ ಮಾಡಿದ್ದಾರಲ್ಲ. ಎರಡು ತಿಂಗಳ ಹಿಂದೆ ಕೇಳಿದ್ರೆ ಎಷ್ಟು ಹಾಕ್ತಿದ್ರು? ಕಾರಣ ಯಾವುದು, ಪರಿಣಾಮ ಯಾವುದು ಬಿಡಿಸೋದು ಕಷ್ಟ.

ಎರಡನೇದು. ಗೃಹ ಸಚಿವಾಲಯ ಲೋಕಸಭೆಗೆ ಕೊಟ್ಟ ಲೆಕ್ಕ ಇದೆ: ಸೈಬರ್ ವಂಚನೆಯಲ್ಲಿ ದೇಶದ ಜನ ಕಳ್ಕೊಂಡಿದ್ದು 2023ರಲ್ಲಿ ₹7,465 ಕೋಟಿ, 2024ರಲ್ಲಿ ₹22,845 ಕೋಟಿ. ಒಂದೇ ವರ್ಷಕ್ಕೆ ಮೂರು ಪಟ್ಟು. ಸಂಯಮ ಬಾಲ್ಯದಲ್ಲಿ ಕೂಡಿ ಬರೋ ಗುಣ ಅಂತಾದ್ರೆ, ಹನ್ನೆರಡು ತಿಂಗಳಲ್ಲಿ ಇಡೀ ದೇಶದ ಬಾಲ್ಯ ಬದಲಾಯ್ತಾ? ಬದಲಾಗಿದ್ದು ಬಲೆ ಹೆಣೆಯೋರ ಕೈಚಳಕ. ಸಂಯಮ ಅನ್ನೋದು ಸಾಲಲ್ಲಿ ಯಾರು ಮೊದಲು ಬೀಳ್ತಾರೆ ಅಂತ ಸ್ವಲ್ಪ ಮಟ್ಟಿಗೆ ಹೇಳಬಹುದು. ಸಾಲು ಯಾಕೆ ಬೆಳೀತಿದೆ ಅಂತ ಹೇಳಲ್ಲ.


ಕೌಂಟರ್_ನಂಬರ್_4 | ಸೋಮವಾರ ಬೆಳಿಗ್ಗೆ 8:05

ನಾ ಬ್ಯಾಂಕಿನ್ಯಾಗ ಕೌಂಟರ್ ಮ್ಯಾಲ ಕುಂಡ್ರಾಂವ್ರಿ. ಯಾವ ಬ್ಯಾಂಕು, ಯಾವ ಊರು ಅಂತ ಕೇಳಬ್ಯಾಡ್ರಿ. ಧಾರವಾಡದ ಕಡೆ ಅಂತ ತಿಳ್ಕೋರಿ.

ಹೋದ ವರ್ಷ ರಿಟೈರ್ ಆದ ಮಾಸ್ತರೊಬ್ರು ಎಫ್‌ಡಿ ಮುರಸಾಕ ಬಂದ್ರು. ಆ ಮನಷ್ಯಾ ಎಂಥಾವ್ರಂದ್ರ, ಪಾಸ್‌ಬುಕ್ಕಿಗೆ ಖಾಕಿ ಹಾಳಿ ರಟ್ಟು ಹಾಕಿರ್ತಾರ. ಬಡ್ಡಿಯೊಳಗ ಹನ್ನೊಂದು ರೂಪಾಯಿ ಫರಕ್ ಬಂದ್ರ ನಮಗ ಲೆಕ್ಕಾ ಕಲಿಸಿ ಹೋಗಾವ್ರು. ಎಲಿ ಅಡಿಕಿ ಇಲ್ಲ, ಎರಡನೇ ಕಪ್ ಚಾ ಇಲ್ಲ. ಇಂಥವ್ರು ಹದಿನಾಲ್ಕು ಲಕ್ಷದ ಎಫ್‌ಡಿ ಈಗಿಂದೀಗ ಮುರೀರಿ ಅಂತ ನಿಂತ್ರು. ಯಾಕ್ರೀ ಸರ ಅಂದ್ರ "ಮಗಳ ಮದವಿ" ಅಂದ್ರು. ಮಗಳ ಮದವಿ ಆಗಿ ಎಂಟು ವರ್ಷ ಆತ್ರಿ, ನಾನ ಉಂಡು ಬಂದೀನಿ!

ಅಂಗಿ ಕಿಸೆದಾಗ ಫೋನ್ ಚಾಲೂ ಇತ್ತು, ಕ್ಯಾಮೆರಾ ಹೊರಗ ಮಾರಿ ಮಾಡಿ. ನಾ ಮ್ಯಾನೇಜರ್ ಸಾಹೇಬ್ರಿಗೆ ಕಣ್ಣು ಹೊಡದೆ. ಅವ್ರು ಒಳಗ ಕರಕೊಂಡು ಹೋಗಿ, ಒಂದು ಚೀಟಿ ಮ್ಯಾಲ "ಯಾರರ ಹೆದರಸಾಕತ್ತಾರೇನು?" ಅಂತ ಬರದು ತೋರಿಸಿದ್ರು. ಮಾಸ್ತರು ಅತ್ತಬಿಟ್ರು. ಮುಂಬೈ ಪೊಲೀಸ್ ಡ್ರೆಸ್ಸಿನ್ಯಾಗ ಒಬ್ಬಾಂವ ಎರಡು ದಿನದಿಂದ ವಿಡಿಯೋ ಕಾಲ್‌ನ್ಯಾಗ ಕುಂತಿದ್ದ. ನಿಮ್ಮ ಹೆಸರಿನ ಪಾರ್ಸಲ್‌ನ್ಯಾಗ ಡ್ರಗ್ಸ್ ಸಿಕ್ಕಾವು, ಡಿಜಿಟಲ್ ಅರೆಸ್ಟ್ ಆಗೀರಿ, ಹೆಂಡತಿಗೂ ಹೇಳಬ್ಯಾಡ್ರಿ ಅಂತ.

ಈ ಮಾಸ್ತರಿಗೆ ಸಂಯಮ ಕಡಿಮಿ ಅಂತೀರೇನ್ರಿ? ಸಂಯಮ ಹೆಚ್ಚಾಗಿದ್ದಕ್ಕ ಎರಡು ದಿನ ಕುರ್ಚಿ ಬಿಟ್ಟು ಏಳಲಿಲ್ಲ ಆ ಮನಷ್ಯಾ. ದೊಡ್ಡಾವ್ರು ಕುಂದ್ರು ಅಂದ್ರ ಕುಂದ್ರೂದು, ನಿಲ್ಲು ಅಂದ್ರ ನಿಲ್ಲೂದು, ನಲವತ್ತು ವರ್ಷ ಸಾಲ್ಯಾಗ ಅದನ್ನ ಮಾಡ್ಕೋತ ಬಂದಾರ. ನಮ್ಮ ಕಡೆ ಸ್ವಲ್ಪ ಒರಟು ಮಂದಿ ಇದ್ದಿದ್ರ "ಯಾವನೋ ನೀ" ಅಂತ ಒಂದು ಬೈಗಳಾ ಕೊಟ್ಟು ಫೋನ್ ಇಡ್ತಿದ್ರು. ಸಿಟ್ಟು ಮೂಗಿನ ತುದಿಯೊಳಗ ಇರೂದು ಸಂಯಮ ಇಲ್ಲದ ಲಕ್ಷಣ ಅಂತ ಮ್ಯಾಲ ಬರದೀರಲ್ಲ, ಅಲ್ಲೇ ಅದು ರೊಕ್ಕಾ ಉಳಸ್ತಿತ್ತು.


ಕಡಲಾಚೆ | ಸೋಮವಾರ ಬೆಳಿಗ್ಗೆ 8:31

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಸರ್. ಪುಸ್ತಕದ ಪಟ್ಟಿಯಲ್ಲಿ ಆಸೆಗೆ ಕಡಿವಾಣ ಹಾಕೋದು ಇದೆ. ಭಯದಲ್ಲಿ ಎದುರು ಮಾತಾಡೋ ತಾಕತ್ತು ಆ ಪಟ್ಟಿಯಲ್ಲಿಲ್ಲ. ಎರಡೂ ಬೇರೆ ಬೇರೆ ಸ್ನಾಯು ಅನ್ಸುತ್ತೆ.


ಪಡುಗಾಳಿ | ಸೋಮವಾರ ಮಧ್ಯಾಹ್ನ 1:10

ನನ್ನದು ಕೇಳಿ ಮಾರಾಯ್ರೆ. ಹಳೇ ಮಂಚ ಒಂದು ಆನ್‌ಲೈನಲ್ಲಿ ಮಾರ್ಲಿಕ್ಕೆ ಹಾಕಿದ್ದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. ಮಿಲಿಟರಿಯವ ಅಂತೆ, ಬರೀ ಹಿಂದಿ. ಹೇಳಿದ ರೇಟಿಗೇ ಒಪ್ಪಿದ. ಅಲ್ಲೇ ನನಗೆ ಡೌಟ್ ಬರ್ಬೇಕಿತ್ತು, ಮಂಗಳೂರಲ್ಲಿ ಚರ್ಚೆ ಮಾಡದೆ ಹಳೇ ಮಂಚ ತಗೊಳ್ಳುವವರು ಯಾರು?

ಒಂದು ಕ್ಯೂಆರ್ ಕಳಿಸಿದ, ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ಹಣ ಬರ್ತದೆ ಅಂತ. ನಾನು ಹಾಕಿದೆ. ಹದಿನೈದು ಸಾವಿರ ಹೋಯ್ತು. ಎಂತ ಹೇಳುದು, ನನ್ನದು ದಿನಸಿ ಅಂಗಡಿ. ಹಣ ಬರ್ಲಿಕ್ಕೆ ಪಿನ್ ಬೇಡ, ಕೊಡ್ಲಿಕ್ಕೆ ಮಾತ್ರ ಪಿನ್ ಅಂತ ನಾನೇ ನಾಲ್ಕು ಜನ ಅಜ್ಜಿಯಂದಿರಿಗೆ ಹೇಳಿಕೊಟ್ಟವ. ಗೊತ್ತಿಲ್ಲದ್ದಲ್ಲ. ಆಸೆಯೂ ಅಲ್ಲ, ಮಂಚದ ಹಣವೇ ಅಲ್ವಾ ನಾನು ಕೇಳಿದ್ದು? ಆ ಹೊತ್ತಿಗೆ ಅಂಗಡಿಯಲ್ಲಿ ಮೂರು ಜನ ನಿಂತಿದ್ರು, ಒಬ್ರಿಗೆ ಬೆಲ್ಲ ತೂಗ್ತಾ ಇದ್ದೆ, ಫೋನ್ ಹೆಗಲಿಗೂ ಕೆನ್ನೆಗೂ ಮಧ್ಯ. ಅವ "ಸಾರ್ ಜಲ್ದಿ, ಡ್ಯೂಟಿ ಉಂಟು" ಅಂತ ಒಂದೇ ಸಮ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆದ್ರೆ ಆ ಆತುರ ನನ್ನದಲ್ಲ, ಅವನದ್ದು. ನನಗೆ ದಾಟಿಸಿದ, ಅಷ್ಟೇ.

ಹೆಂಡತಿಗೆ ಮಂಚ ಧರ್ಮಕ್ಕೆ ಕೊಟ್ಟೆ ಅಂತ ಹೇಳಿದ್ದೆ. ಮಂಚ ಇನ್ನೂ ಗೋಡೌನಲ್ಲೇ ಉಂಟು. ಈ ಪೋಸ್ಟ್ ಅವಳು ಓದುದಿಲ್ಲ ಅಂತ ಧೈರ್ಯ.


ವೇದಿಕೆ ನಿರ್ವಾಹಕರು | ಸೋಮವಾರ ಮಧ್ಯಾಹ್ನ 2:45

ಈ ಚರ್ಚೆಯಲ್ಲಿ ಮೂರು ಕಮೆಂಟ್ ಅಳಿಸಿದ್ದೇವೆ. ಮೂರರಲ್ಲೂ ಒಂದೇ ಸಾಲು: "ನನ್ನ ಹಣವೂ ಹೋಗಿತ್ತು, ಇನ್‌ಸ್ಟಾಗ್ರಾಮಿನ ಈ ಸರ್ ವಾಪಸ್ ಕೊಡಿಸಿದರು." ಕಳ್ಕೊಂಡವರನ್ನೇ ಹುಡುಕಿ ಎರಡನೇ ಸಲ ದೋಚುವವರು ಇವರು, ಮೊದಲು "ಫೀಸು" ಕೇಳ್ತಾರೆ. ಹೊಳೆದಂಡೆ ಅವರೇ, ನಿಮಗೆ ಖಾಸಗಿ ಮೆಸೇಜ್ ಬಂದಿದ್ದರೆ ಉತ್ತರಿಸಬೇಡಿ, ನಮಗೆ ತಿಳಿಸಿ.


ಹೊಳೆದಂಡೆ | ಸೋಮವಾರ ಮಧ್ಯಾಹ್ನ 3:02

ಎರಡು ಬಂದಿವೆ. ಒಬ್ಬರ ಡಿಪಿಯಲ್ಲಿ ಪೊಲೀಸ್ ಟೋಪಿ. ನಿಜ ಹೇಳ್ತೀನಿ, ಒಂದು ನಿಮಿಷ ಕೈ ಹೋಗಿತ್ತು.


ರಾತ್ರಿಪಾಳಿ | ಸೋಮವಾರ ಸಂಜೆ 7:30

ಎಲ್ಲ ಓದಿದೆ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸಲ್ಲಿ ಇದೀನಿ, ನಮ್ಮ ಲೈನಿನ ಹೆಂಗಸರ ಕಥೆ ಒಂದು ಹೇಳ್ತೀನಿ. ಜೂನ್ ತಿಂಗಳು, ಸ್ಕೂಲ್ ಫೀಸು, ಸಂಬಳಕ್ಕೆ ಇನ್ನೂ ಹನ್ನೆರಡು ದಿನ. ಫೋನಲ್ಲಿ ಆ್ಯಪು: ಐದು ನಿಮಿಷದಲ್ಲಿ ಸಾಲ. ₹3,000 ಸಾಲ ಅಂತಾರೆ, ಕೈಗೆ ಬರೋದು ₹1,800, ಏಳು ದಿನಕ್ಕೆ ₹3,000 ಕಟ್ಟಬೇಕು. ಆ್ಯಪ್ ಹಾಕ್ಕೊಳ್ಳುವಾಗಲೇ ಕಾಂಟ್ಯಾಕ್ಟ್, ಫೋಟೋ ಎಲ್ಲ ಅದರ ಕೈಗೆ ಹೋಗಿರುತ್ತೆ. ಎಂಟನೇ ದಿನ ನಿಮ್ಮ ಫೋಟೋ ಕೆಡಿಸಿ ನಿಮ್ಮ ತಮ್ಮನಿಗೆ, ಸೂಪರ್‌ವೈಸರಿಗೆ ಕಳಿಸ್ತಾರೆ. ಅದನ್ನ ತೀರಿಸೋಕೆ ಇನ್ನೊಂದು ಆ್ಯಪು.

ಇವರಿಗೆ ಸಂಯಮ ಇಲ್ವಾ? ತಿಂಗಳಿಗೆ ಹದಿಮೂರು ಸಾವಿರದಲ್ಲಿ ಬಾಡಿಗೆ ಕಟ್ಟಿ, ಊರಿಗೆ ಕಳಿಸಿ, ಎರಡು ಮಕ್ಕಳನ್ನ ಓದಿಸೋರು. ಸಂಯಮದ ಪರೀಕ್ಷೆ ಇಟ್ರೆ ಇಲ್ಲಿ ಬರೀತಿರೋ ನಮ್ಮೆಲ್ಲರಿಗಿಂತ ಮುಂದೆ ಇರ್ತಾರೆ. ನಾಳೆಗೋಸ್ಕರ ಇವತ್ತಿಂದನ್ನ ತಡ್ಕೋಬೇಕು ಅಂತೀರಲ್ಲ, ತಡ್ಕೊಳ್ಳೋಕೆ ಇವತ್ತು ಏನಾದ್ರೂ ಇರಬೇಕಲ್ವಾ?


ತಿಂಡಿಪೋತ_ಮೈಸೂರು | ಸೋಮವಾರ ರಾತ್ರಿ 8:15

ಸರಿ, ಎಲ್ಲರೂ ಸೇರಿ ನನ್ನನ್ನ ವಿಲನ್ ಮಾಡಿದ್ರಿ. ಸಾಲದ ಆ್ಯಪಿನ ವಿಷಯದಲ್ಲಿ ನಾನು ಬಾಯಿ ಮುಚ್ಕೊಳ್ತೀನಿ. ಆದ್ರೆ ಟಾಸ್ಕು, ಷೇರು ಗುಂಪು, "ಹಣ ಡಬಲ್" ವಿಷಯದಲ್ಲಿ ದುರಾಸೆ ಅನ್ನೋ ಮಾತು ವಾಪಸ್ ತಗೊಳಲ್ಲ. ಎಲ್ಲಾನೂ ಕಳ್ಳನ ಕೈಚಳಕ, ಬಿದ್ದವನದ್ದು ಏನೂ ಇಲ್ಲ ಅಂತಾದ್ರೆ ನನ್ನ ಮಗನಿಗೆ ನಾನೇನು ಹೇಳಿಕೊಡಲಿ? ಹತ್ತೊಂಬತ್ತು ವರ್ಷ, ಹಾಸ್ಟೆಲಲ್ಲಿದ್ದಾನೆ. ಹೋದ ತಿಂಗಳು ಯಾವುದೋ ಟೆಲಿಗ್ರಾಂ ಗುಂಪು ತೋರಿಸಿ "ಅಪ್ಪ, ಇದು ಬೇರೆ ಥರ, ಎಲ್ಲರಿಗೂ ಬಂದಿದೆ ನೋಡು" ಅಂದ. ನನಗೆ ಎದೆ ಧಸಕ್ ಅಂತು. "ಸಂಯಮ ಇರಲಿ" ಅಂತ ಬೈದೆ. ಬೈದಿದ್ದು ಉಪಯೋಗಕ್ಕೆ ಬರಲ್ಲ ಅಂತ ನನಗೂ ಗೊತ್ತು, ನನ್ನಪ್ಪನೂ ನನಗೆ ಬೀಡಿ ಬಿಡು ಅಂತ ಹತ್ತು ವರ್ಷ ಬೈದಿದ್ರು.


ಅಡುಗೆಮನೆ_ರಾಜಕೀಯ | ಸೋಮವಾರ ರಾತ್ರಿ 8:50

ತಿಂಡಿಪೋತ ಅಣ್ಣಾ, ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಸಂಯಮ ಇಟ್ಕೊಳ್ಳಿ ಅಂತ ಡಾಕ್ಟರು ಆರು ವರ್ಷ ಹೇಳಿದ್ರು. ಸಕ್ಕರೆ ಇಳಿದಿದ್ದು ನಾನು ಮೈಸೂರುಪಾಕಿನ ಡಬ್ಬಿ ಮನೆಗೆ ತರೋದು ನಿಲ್ಲಿಸಿದ ಮೇಲೆ. ಅತ್ತೆ ಅಂಗಡಿಗೆ ಹೋಗಿ ತರಬಹುದು, ಚಪ್ಪಲಿ ಹಾಕ್ಕೊಂಡು ಗೇಟಿನ ತನಕ ಹೋಗೋಷ್ಟರಲ್ಲಿ ಆಸೆ ಇಳಿಯುತ್ತೆ.

ದುಡ್ಡಿಗೂ ಹಾಗೇ ಮಾಡಿದ್ದೀವಿ. ಯುಪಿಐಗೆ ಜೋಡಿಸಿರೋ ಅಕೌಂಟಲ್ಲಿ ಎಂಟು ಸಾವಿರಕ್ಕಿಂತ ಹೆಚ್ಚು ಇಡಲ್ಲ, ಸಂಬಳ ಬರೋ ಅಕೌಂಟೇ ಬೇರೆ, ಅದಕ್ಕೆ ಫೋನಲ್ಲಿ ಏನೂ ಇಲ್ಲ. ಆ್ಯಪಲ್ಲಿ, ಕಾರ್ಡಲ್ಲಿ ದಿನದ ಮಿತಿ ನಾವೇ ಇಳಿಸಿದ್ದೀವಿ. ಹೊಸಬರಿಗೆ ಕಳಿಸೋದಾದ್ರೆ ಐದು ಸಾವಿರ ದಾಟಿದ್ರೆ ಮನೆಯಲ್ಲಿ ಇನ್ನೊಬ್ಬರಿಗೆ ಫೋನ್ ಮಾಡಿ ಹೇಳ್ಬೇಕು. ಅನುಮತಿ ಕೇಳೋದಲ್ಲ, ಬರೀ ಹೇಳೋದು. ನಮ್ಮೆಜಮಾನ್ರು ಷೇರು ಗುಂಪಿಗೆ ಇಪ್ಪತ್ತು ಸಾವಿರ ಹಾಕೋಕೆ ಹೊರಟು ನನಗೆ ಫೋನ್ ಮಾಡಿದ್ರು. ನಾನು ಏನೂ ಅನ್ನಲಿಲ್ಲ, "ಯಾವ ಗುಂಪು?" ಅಂದೆ. ವಿವರಿಸೋಕೆ ಹೊರಟ್ರು, ಅರ್ಧದಲ್ಲೇ ಅವರಿಗೇ ನಗು ಬಂತು.


ಕೌಂಟರ್_ನಂಬರ್_4 | ಸೋಮವಾರ ರಾತ್ರಿ 9:05

ಅಕ್ಕಾವ್ರ ಮಾತು ಖರೇ ಐತ್ರಿ. ನಮ್ಮಲ್ಲೂ ನೆಟ್ ಬ್ಯಾಂಕಿಂಗ್‌ನ್ಯಾಗ ಹೊಸಬರ ಖಾತೆ ಸೇರಿಸಿದ್ರ ಸ್ವಲ್ಪ ತಾಸು ದೊಡ್ಡ ರೊಕ್ಕಾ ಹೋಗೂದಿಲ್ಲ. ಮಂದಿ ಅದಕ್ಕ ನಮಗ ಬೈತಾರ. ಒಬ್ಬಾಕಿ ಬೈದು ಹೋದಾಕಿ ಮರುದಿನ ಬಂದು ಪೇಡೆ ಕೊಟ್ಲು.

ಇನ್ನೊಂದು ತಿಳ್ಕೋರಿ. ರಿಸರ್ವ್ ಬ್ಯಾಂಕ್ 2017ರಾಗ ಒಂದು ನಿಯಮಾ ಮಾಡೇತಿ. ಬ್ಯಾಂಕಿಂದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ, ನಡುವ ಯಾರೋ ಕದ್ದಾರ ಅಂದ್ರ, ಮೂರು ಕೆಲಸದ ದಿನದೊಳಗ ತಿಳಿಸಿದ್ರ ನಿಮ್ಮ ಮ್ಯಾಲ ಹೊರೆ ಇಲ್ಲ. ಆದ್ರ ಪಿನ್, ಓಟಿಪಿ ನೀವ ಕೊಟ್ಟಿದ್ರ ಅದು ಗ್ರಾಹಕರ ನಿರ್ಲಕ್ಷ್ಯ, ನೀವು ಬ್ಯಾಂಕಿಗೆ ತಿಳಿಸೂತನಕ ಆಗಿದ್ದು ನಿಮ್ಮ ತಲಿ ಮ್ಯಾಲ. ಅಂದ್ರ ಈ "ಯಾರ ತಪ್ಪು" ಅನ್ನೂ ಜಗಳ ಬರೇ ಮನಿ ಕಟ್ಟಿ ಮ್ಯಾಲಿಂದಲ್ಲ, ಕಾಗದದ ಮ್ಯಾಲೂ ಐತಿ.


ಹಳೇ_ಪೇದೆ | ಸೋಮವಾರ ರಾತ್ರಿ 9:48

ಇಲಾಖೆಯಲ್ಲಿ ಮೂವತ್ತೊಂದು ವರ್ಷ, ಕೊನೇ ನಾಲ್ಕು ವರ್ಷ ಜಿಲ್ಲೆಯ ಸೆನ್ ಠಾಣೆಯಲ್ಲಿ. ಸೆನ್ ಅಂದ್ರೆ ಸೈಬರ್, ಆರ್ಥಿಕ, ಮಾದಕ ವಸ್ತು, ಮೂರೂ ನೋಡೋ ಠಾಣೆ. ಈ ಚರ್ಚೆ ಮೇಲಿಂದ ಕೆಳಗಿನ ತನಕ ಎರಡು ಸಲ ಓದಿದೆ. ಎಲ್ಲರೂ ಚೆನ್ನಾಗಿ ಮಾತಾಡಿದ್ದೀರಿ. ಒಂದು ಮಾತು ಯಾರೂ ಕೇಳಿಲ್ಲ.

ಮೇಡಂ, ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರಾ?


ಹೊಳೆದಂಡೆ | ಸೋಮವಾರ ರಾತ್ರಿ 9:55

ಇಲ್ಲ ಸರ್.


ಹಳೇ_ಪೇದೆ | ಸೋಮವಾರ ರಾತ್ರಿ 9:57

ನಿಮ್ಮ ಎಪಿಕೆ ಕೇಸಲ್ಲಿ?


ಹೊಳೆದಂಡೆ | ಸೋಮವಾರ ರಾತ್ರಿ 10:06

ಅದಕ್ಕೆ ಮಾಡಿದ್ವಿ. ದುಡ್ಡು ಹೋದ ಮೆಸೇಜ್ ಬಂದಾಗ ನಾನು ಅಳ್ತಾ ಕೂತಿದ್ದೆ, ಭಾವನೇ ಪಕ್ಕದಲ್ಲಿದ್ದರು. ಅವರೇ 1930ಕ್ಕೆ ಹಚ್ಚಿದ್ರು, ಸಿಮ್ ತೆಗೆದಿಟ್ಟರು, ಬ್ಯಾಂಕಿಗೂ ಫೋನ್ ಮಾಡಿದ್ರು. ಮುಕ್ಕಾಲು ಗಂಟೆ ಒಳಗೆ ಎಲ್ಲ ಆಯ್ತು. ₹22,000 ಎಲ್ಲೋ ಒಂದು ಅಕೌಂಟಲ್ಲಿ ತಡೆದಿದ್ರು, ನಾಲ್ಕು ತಿಂಗಳ ಮೇಲೆ ಕೋರ್ಟ್ ಆದೇಶ ಆಗಿ ಬಂತು.

ಈಗ ಬರೆಯುವಾಗ ಹೊಳೀತಿದೆ. ಅಷ್ಟೆಲ್ಲ ಗೊತ್ತಿದ್ದ ಮನುಷ್ಯ ತನ್ನ ದುಡ್ಡು ಹೋದಾಗ ಯಾಕೆ ಫೋನ್ ಮಾಡಲಿಲ್ಲ?


ಹಳೇ_ಪೇದೆ | ಸೋಮವಾರ ರಾತ್ರಿ 10:20

ನಾಚಿಕೆ ಮೇಡಂ. ಠಾಣೆಗೆ ಬರೋರನ್ನ ನಾನು ಮೊದಲು ಕೇಳ್ತಿದ್ದ ಪ್ರಶ್ನೆ "ಎಷ್ಟು ಹೋಯ್ತು" ಅಲ್ಲ, "ಯಾವಾಗ ಹೋಯ್ತು". ಎಪಿಕೆ, ಸಿಮ್ ಮೋಸ ಆದವರು ಅದೇ ದಿನ ಓಡಿ ಬರೋರು. ಅವರಿಗೆ ತಾವು ತಪ್ಪು ಮಾಡಿದೀವಿ ಅಂತ ಅನಿಸೋದಿಲ್ಲ. ಟಾಸ್ಕು, ಷೇರು, ಹೆಣ್ಣಿನ ವಿಡಿಯೋ ಕಾಲ್, ಇವರು ಒಂದು ವಾರ, ಒಂದು ತಿಂಗಳು ಬಿಟ್ಟು ಬರೋರು, ಅದೂ ಹೆಂಡತಿಗೆ ಗೊತ್ತಾದ ಮೇಲೆ. ಒಬ್ಬರು ಬಂದು ತಮ್ಮ ಸ್ನೇಹಿತನ ಕೇಸು ಅಂತ ಪೂರ್ತಿ ಕಥೆ ಹೇಳಿ, ಸಹಿ ಹಾಕೋ ಜಾಗದಲ್ಲಿ ನಿಂತುಬಿಟ್ಟರು.

ಅಷ್ಟರಲ್ಲಿ ಆಗೋದು ಇದು. ನೀವು ಹಾಕಿದ ದುಡ್ಡು ಹೋಗೋದು ಯಾರೋ ಬಡಪಾಯಿ ಕಮಿಷನ್‌ಗೆ ಬಾಡಿಗೆ ಕೊಟ್ಟ ಅಕೌಂಟಿಗೆ. ಅಲ್ಲಿಂದ ನಾಲ್ಕು ಅಕೌಂಟಿಗೆ ಒಡೀತಾರೆ, ಅಲ್ಲಿಂದ ಇನ್ನೊಂದಷ್ಟಕ್ಕೆ, ಕೊನೆಗೆ ಎಟಿಎಂ ಇಲ್ಲವೇ ಕ್ರಿಪ್ಟೊ. 1930ಕ್ಕೆ ಹೇಳಿದ ಕೂಡಲೇ ಆ ಸರಪಳಿಯ ಬ್ಯಾಂಕುಗಳಿಗೆ ಮಾಹಿತಿ ಹೋಗಿ, ಎಲ್ಲಿ ಉಳಿದಿರುತ್ತೋ ಅಲ್ಲಿ ತಡೆ ಬೀಳುತ್ತೆ. ಮೊದಲ ಗಂಟೆಯಲ್ಲಿ ಹೇಳಿದ್ರೆ ಹೆಚ್ಚು ಸಿಗುತ್ತೆ. ಐದು ದಿನ ಆಗಿದ್ರೆ ಕಡಿಮೆ, ಆದ್ರೆ ಸೊನ್ನೆ ಅಂತ ನಾನು ಹೇಳಲ್ಲ. ಬುಧವಾರ ಹಾಕಿದ್ದು ಎಲ್ಲೋ ಸಿಕ್ಕಿಕೊಂಡಿರಬಹುದು.

ತಿಂಡಿಪೋತ ಅವರೇ, ದುರಾಸೆ ಅನ್ನಿ, ಪರವಾಗಿಲ್ಲ, ನಿಮ್ಮ ಅಭಿಪ್ರಾಯ. ದೂರು ದಾಖಲಾದ ಮೇಲೆ ಅನ್ನಿ. ಅದಕ್ಕೆ ಮುಂಚೆ ಅಂದ್ರೆ ಆ ಮಾತಿನಿಂದ ಲಾಭ ಆಗೋದು ಕಳ್ಳನಿಗೆ ಒಬ್ಬನಿಗೇ.


ತಿಂಡಿಪೋತ_ಮೈಸೂರು | ಸೋಮವಾರ ರಾತ್ರಿ 10:26

ಆಯ್ತು ಸರ್. ಮಗನಿಗೆ ಈಗಲೇ ಫೋನ್ ಮಾಡ್ತೀನಿ. "ಏನಾದ್ರೂ ಕಳ್ಕೊಂಡ್ರೆ ಮೊದಲು ನನಗೆ ಹೇಳು, ಬೈಯಲ್ಲ" ಅಂತ. ಬೈಯದೇ ಇರೋದು ನನಗೆ ಕಷ್ಟ. ನೋಡೋಣ.


ಹೊಳೆದಂಡೆ | ಸೋಮವಾರ ರಾತ್ರಿ 11:34

ಅಕ್ಕನಿಗೆ ಫೋನ್ ಮಾಡಿ ಭಾವನಿಗೆ ಕೊಡು ಅಂದೆ. "1930ಕ್ಕೆ ಯಾಕೆ ಮಾಡಲಿಲ್ಲ ಭಾವ" ಅಂದ್ರೆ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ "ನಿಂದು ಬೇರೆ ಕಣಮ್ಮ, ನಾನು ಆಸೆಗೆ ಬಿದ್ದು ಹಾಕಿದ್ದು. ಪೊಲೀಸರು ನಗಲ್ವಾ" ಅಂದ್ರು. ಇನ್ನೊಂದೂ ಹೇಳಿದ್ರು. ಆರನೇ ದಿನವೇ ಮೋಸ ಅಂತ ಅನುಮಾನ ಬಂದಿತ್ತಂತೆ. ಅಷ್ಟರಲ್ಲಿ ಎರಡು ಲಕ್ಷ ಹೋಗಿತ್ತು. ಅದನ್ನ ಮನೆಯಲ್ಲಿ ಹೇಳೋದಕ್ಕಿಂತ ಇನ್ನೂ ಸ್ವಲ್ಪ ಹಾಕಿ ವಾಪಸ್ ತೆಗೆಯೋದೇ ಸುಲಭ ಅನ್ನಿಸ್ತಂತೆ.

ನಾನೇ ಲೈನಲ್ಲಿ ಇಟ್ಕೊಂಡು 1930ಕ್ಕೆ ಮಾಡಿಸಿದೆ. ದೂರಿನ ನಂಬರ್ ಬಂತು. ನಾಳೆ ಸೆನ್ ಠಾಣೆಗೆ ಹೋಗ್ತೀವಿ, ನಾನೂ ರಜೆ ಹಾಕಿದ್ದೀನಿ. ಏನೇನು ತಗೊಂಡು ಹೋಗ್ಬೇಕು ಸರ್?


ಹಳೇ_ಪೇದೆ | ಸೋಮವಾರ ರಾತ್ರಿ 11:41

ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ಸಲ ಹಾಕಿದ್ದರ ಯುಟಿಆರ್ ನಂಬರ್ (ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡೋ ಗುರುತಿನ ಸಂಖ್ಯೆ), ದಿನ, ಗಂಟೆ. ಒಂದು ಹಾಳೆಯಲ್ಲಿ ಕೊನೇದರಿಂದ ಮೊದಲಿನ ಕಡೆಗೆ ಬರ್ಕೊಂಡು ಹೋಗಿ. ದೂರು ಕೊಟ್ಟು ಬಂದ ಮೇಲೆ "ಸೈಬರ್ ಸೆಲ್" ಅಂತ ಯಾರಾದ್ರೂ ಫೋನ್ ಮಾಡಿ ದುಡ್ಡು ಬಿಡಿಸೋಕೆ ದುಡ್ಡು ಕೇಳಿದ್ರೆ ಕೊಡಬೇಡಿ. ಟೆಲಿಗ್ರಾಂ ಚಾಟ್ ಪೂರ್ತಿ ಇಟ್ಕೊಳ್ಳಿ, ಗುಂಪಿನ ಹೆಸರು, ಐಡಿ, ಅವರು ಕೊಟ್ಟ ಅಕೌಂಟ್ ನಂಬರ್ ಎಲ್ಲ ಅದರಲ್ಲಿರುತ್ತೆ.


ಹೊಳೆದಂಡೆ | ಸೋಮವಾರ ರಾತ್ರಿ 11:46

ಚಾಟ್ ಅಳಿಸಿಬಿಟ್ಟಿದ್ದಾರೆ ಸರ್. ಬುಧವಾರ ರಾತ್ರಿನೇ. ಅಕ್ಕ ನೋಡಬಾರದು ಅಂತ.


ಹಳೇ_ಪೇದೆ | ಸೋಮವಾರ ರಾತ್ರಿ 11:49

ಇರಲಿ. ಸ್ಟೇಟ್‌ಮೆಂಟ್ ಇದೆಯಲ್ಲ, ಅದನ್ನ ಅವರು ಅಳಿಸೋಕಾಗಲ್ಲ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ, ಆಮೇಲೆ ಸಾಲು ಬೆಳೆಯುತ್ತೆ. ಫೋನನ್ನ ರೀಸೆಟ್ ಮಾಡಬೇಡಿ ಅಂತ ಈಗಲೇ ಹೇಳಿ.